ಶಿರಹಟ್ಟಿಗೆ ಹೋದ ನಕಲಿ ಲಾಳಿ

ಕಂತು ಆರು

"ನೀ ಪೇಪರ್ ನಡಸಾಕತ್ತೀಯೋ, ಮಂದಿ ಮನಿ ಮುರಿಯಾಕತ್ತೀಯೋ?"

ಲೋಹಿತ ಕೈಯಲ್ಲಿದ್ದ ಪತ್ರಿಕೆಯನ್ನು ರೋಹಿಣಿಯ ಮೇಜಿನ ಮೇಲೆ ಒಗೆದ. ಅದು ಜಾರಿ ಬಂದು ನನ್ನ ಚಹಾದ ಕಪ್ಪಿಗೆ ಬಡಿಯಿತು. ಬಿಸಿ ಚಹಾ ನನ್ನ ಧೋತರದ ಮೇಲೆ ಬಿತ್ತು. ಅವನು ಕ್ಷಮೆ ಕೇಳಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ. ಬೆಟಗೇರಿಯ ಈ ಮನೆಗೆ ಮೂರು ದಿನದಿಂದ ಬಂದವರೆಲ್ಲ ಬೈಯಲೆಂದೇ ಬಂದವರು.

ನಾನು ಹೊಳೆಯಪ್ಪ. ಜೀವಮಾನವೆಲ್ಲ ಪೊಲೀಸ್ ಠಾಣೆಯ ಬೆಂಚು ಸವೆಸಿ ನಿವೃತ್ತನಾದವನು. ಪತ್ರಿಕೆಯವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೂ ಈ ಹುಡುಗಿಯ ಕೆಲಸ ಹಿಡಿದೆ. ಒಂದು ಊರಿನ ಮಂದಿಯೆಲ್ಲ ಒಬ್ಬರ ಮೇಲೆಯೇ ಬೆರಳು ತೋರಿಸಿದರೆ ನನಗೆ ಆ ಬೆರಳುಗಳ ಮೇಲೆಯೇ ಅನುಮಾನ.

ನಡೆದದ್ದು ಇಷ್ಟು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಡುವೆ ಓಡಾಡಲಿ ಎಂದು ನೇಕಾರರ ಮಗಳು ರೋಹಿಣಿ 'ಲಾಳಿ' ಎಂಬ ವಾರಪತ್ರಿಕೆ ಶುರು ಮಾಡಿದಳು. ಮೊದಲ ಸಂಚಿಕೆಯನ್ನು ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದಳು. ಮುಖಪುಟದ ಸುದ್ದಿ: ಶಿರಹಟ್ಟಿ ರಸ್ತೆಯ ಕೆರೆಯ ಗಡಿಗಲ್ಲು ಕಿತ್ತು ಸುಭಾಷ ಎಂಬ ಗುತ್ತಿಗೆದಾರ ಕಲ್ಯಾಣ ಮಂಟಪ ಕಟ್ಟುತ್ತಿದ್ದಾನೆ, ಕಲ್ಲು ಕೀಳುವುದನ್ನು ಕಣ್ಣಾರೆ ಕಂಡವಳು ಹನಮಂತವ್ವ. ಉಳಿದ ಮೂರು ಊರಿಗೆ ಈ ಸುದ್ದಿಯೇ ಮುಟ್ಟಿತು. ಶಿರಹಟ್ಟಿಗೆ ಮಾತ್ರ ಅದೇ ಹೆಸರಿನ, ಅದೇ ದಿನಾಂಕದ ಬೇರೆ ಪತ್ರಿಕೆ ಮುಟ್ಟಿತು.

"ನೀನ ಓದು, ಜೋರಾಗಿ ಓದು," ಎಂದ ಲೋಹಿತ. ಇವನು ಹನಮಂತವ್ವನ ಮಗ.

ರೋಹಿಣಿ ಓದಲಿಲ್ಲ. ಆ ಕಾಗದವನ್ನು ಮುಟ್ಟುವುದಕ್ಕೂ ಅವಳಿಗೆ ಅಸಹ್ಯ. ಬಂದ ದಿನ ಒಂದು ಸಲ ತಲೆಬರಹ ನೋಡಿ ಎಸೆದವಳು ಮತ್ತೆ ತಿರುಗಿ ನೋಡಿರಲಿಲ್ಲ. ನಾನೇ ಓದಿದೆ. 'ಗಡಿಗಲ್ಲು ಕಿತ್ತಿದ್ದು ಸುಳ್ಳು. ಸುಭಾಷನನ್ನು ಹೆದರಿಸಿ ಮಂಟಪದಲ್ಲಿ ಮಳಿಗೆ ಪಡೆಯುವ ಆಸೆಗೆ ಹಾಗೆ ಹೇಳಿದೆ: ಹನಮಂತವ್ವ ತಪ್ಪೊಪ್ಪಿಗೆ.'

ಹನಮಂತವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಮಗನ ಹಾಗೆ ಅವಳು ಕೂಗಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

"ನಾ ಕಟ್ಟಿ ಮ್ಯಾಲೆ ಕುಂತ್ರ ಉಳದ ಹೆಂಗಸರು ಎದ್ದು ಒಳಗ ಹೊಕ್ಕಾರ," ಎಂದಳು. "ನಿನ್ನೆ ನಳದ ಮುಂದ ನನ್ನ ಕೊಡ ಒದ್ರು. ಕೆರಿ ಉಳೀಲಿ ಅಂತ ಬಾಯಿ ಬಿಟ್ಟಾಕಿ ನಾನು. ಈಗ ಕೆರಿ ಮಾರಿದಾಕಿ ಅಂತ ನನ್ನ ಕರೀತಾರ."

"ಅವ್ವಾ, ಅದನ್ನ ನಾ ಹಾಕಿಲ್ಲ," ಎಂದಳು ರೋಹಿಣಿ.

"ಅದರ ಮ್ಯಾಲೆ ನಿನ್ನ ಹೆಸರಿಲ್ಲೇನು?"

ಇತ್ತು. ಸಂಪಾದಕಿ: ರೋಹಿಣಿ ಗಂಜಿ. ಕಳ್ಳ ಅದನ್ನೂ ಬಿಡದೆ ಇಳಿಸಿಕೊಂಡಿದ್ದ.

ಸಂಜೆ ಶಿರಹಟ್ಟಿಯ ಬಸ್ ನಿಲ್ದಾಣದ ಎದುರು ಸಭೆ ಇತ್ತು. ನಕಲಿ ಮಾಡಿದವನ ಹೆಸರನ್ನು ರೋಹಿಣಿ ಸಾಕ್ಷಿ ಸಮೇತ ಅಲ್ಲಿ ಹೇಳಬೇಕು. ಇಲ್ಲದಿದ್ದರೆ ಪತ್ರಿಕೆ ಅಲ್ಲೇ ಸಾಯುತ್ತದೆ, ಹನಮಂತವ್ವ ಬದುಕಿರುವ ತನಕ ಸುಳ್ಳುಗಾರ್ತಿಯಾಗಿಯೇ ಉಳಿಯುತ್ತಾಳೆ. ಊರ ಮಂದಿಗೆ ಏನು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಹೆಚ್ಚು.

"ಹುಡುಕೂದು ಗಿಡುಕೂದು ಬ್ಯಾಡ," ಎಂದ ಲೋಹಿತ, ಬೈಕಿನ ಚಾವಿಯನ್ನು ಬೆರಳಿನಲ್ಲಿ ತಿರುಗಿಸುತ್ತ. "ತಪ್ಪಾತು ಅಂತ ಬರಕೊಡು, ಬಾಗಲಾ ಹಾಕು. ಎಲ್ಲಾ ಮುಗೀತೈತಿ."

ಒಳಗಿನಿಂದ ರೋಹಿಣಿಯ ಅಪ್ಪ ವಿಠೋಬಾ ಹನಮಂತವ್ವನಿಗೆ ನೀರು ತಂದುಕೊಟ್ಟ. ತಾಯಿ ಇಲ್ಲದ ಮನೆ. ಅಪ್ಪ, ಮಗಳು ಇಬ್ಬರೇ. ಪತ್ರಿಕೆ ಹೊರಬಂದ ದಿನ ಮುಂಜಾನೆ ಹುಬ್ಬಳ್ಳಿಯಿಂದ ಬಂದ ಕಟ್ಟುಗಳನ್ನು ತನ್ನ ಹಳೆಯ ಮೊಪೆಡ್ಡಿನ ಮೇಲೆ ಹೇರಿಕೊಂಡು ಹೋಗಿ ಆಯಾ ಊರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದವನು ಇವನೇ. ಪಾಪ, ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

ನಾನು ಅಸಲಿ, ನಕಲಿ ಎರಡನ್ನೂ ಅಕ್ಕಪಕ್ಕ ಹಾಸಿದೆ. ನಕಲಿಯ ಕಾಗದ ಬಿಳುಪು, ದಪ್ಪ. ಹ್ಯಾಂಡ್‌ಬಿಲ್ಲಿನ ಕಾಗದ. ಇದನ್ನು ಮೊದಲೇ ಗುರುತು ಹಾಕಿದ್ದೆ. ಆದರೆ ಚಹಾ ಬಿದ್ದ ಅಂಚನ್ನು ಒರೆಸುವಾಗ ಈವರೆಗೆ ಕಂಡೂ ಕಾಣದಿದ್ದ ಒಂದು ಸಾಲು ಕಂಡಿತು. ಪತ್ರಿಕೆಯ ಹೆಸರಿಗಿಂತ ಮೇಲೆ, ಹಾಳೆಯ ನೆತ್ತಿಯಲ್ಲಿ, ಸಣ್ಣ ಅಕ್ಷರದಲ್ಲಿ.

॥ ಶ್ರೀ ಬಾವಿಕಟ್ಟಿ ದ್ಯಾಮವ್ವ ಪ್ರಸನ್ನ ॥

ನಮ್ಮ ಕಡೆ ಮದುವೆಯ ಕಾರ್ಡು, ಸೀಮಂತದ ಕಾರ್ಡು, ಕಿರಾಣಿ ಅಂಗಡಿಯ ಕರಪತ್ರ, ಯಾವುದೇ ಇರಲಿ, ನೆತ್ತಿಯ ಮೇಲೆ ಮನೆದೇವರ ಹೆಸರಿಲ್ಲದೆ ಅಚ್ಚಾಗುವುದಿಲ್ಲ. ನೋಡಿ ನೋಡಿ ನಮ್ಮ ಕಣ್ಣು ಆ ಸಾಲನ್ನು ಓದುವುದನ್ನೇ ಬಿಟ್ಟಿದೆ. ಶಿರಹಟ್ಟಿಯ ಅಷ್ಟು ಮಂದಿ ಓದಿ ಉರಿದೆದ್ದರು, ಒಬ್ಬನಿಗೂ ಇದು ಕಾಣಲಿಲ್ಲ.

"ನಿನ್ನ ಪತ್ರಿಕೆಯ ಮ್ಯಾಲೆ ದೇವರ ಹೆಸರು ಹಾಕಿಸಿದ್ದೇನು?" ಎಂದು ರೋಹಿಣಿಯನ್ನು ಕೇಳಿದೆ.

"ಇಲ್ರಿ ಸರ. ಪೇಪರು ಎಲ್ಲಾರದು, ಒಬ್ಬರ ಮನಿ ದೇವರ ಹೆಸರು ಅದಕ್ಯಾಕ ಅಂತ ನಾನ ಬ್ಯಾಡ ಅಂದೆ. ಯಾಕ್ರಿ?"

"ಏನಿಲ್ಲ. ಎದ್ದೇಳು, ಟಾಂಗಾಕೂಟಕ್ಕೆ ಹೋಗೂಣು."

ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಸಿಕ್ಕದ್ದನ್ನು ತಕ್ಷಣ ತೋರಿಸುವುದು ನನ್ನ ಪದ್ಧತಿಯಲ್ಲ.

"ನೀವು ಬರೂತನ ನಾ ಇಲ್ಲಿಂದ ಕದಲೂದಿಲ್ಲ," ಎಂದಳು ಹನಮಂತವ್ವ.

"ನಾನೂ ಅಷ್ಟ," ಎಂದು ಲೋಹಿತ ವಿಠೋಬಾನ ಪಕ್ಕದಲ್ಲಿ ಹೋಗಿ ನಿಂತ.

*

ಗದಗಿನ ಟಾಂಗಾಕೂಟದ ಹಿಂದಿನ ಗಲ್ಲಿಯಲ್ಲಿ ಮನೋಹರನ ಮುದ್ರಣಾಲಯ. ನನ್ನ ಮೊದಲ ಅನುಮಾನ ಇವನ ಮೇಲೆಯೇ ಇತ್ತು. 'ಲಾಳಿ' ತನ್ನಲ್ಲೇ ಅಚ್ಚಾಗುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ರೋಹಿಣಿ ಹುಬ್ಬಳ್ಳಿಗೆ ಹೋದಾಗ ನಡುರಸ್ತೆಯಲ್ಲಿ ನಿಂತು ಅವಳ ಮಾನ ಹರಾಜು ಹಾಕಿದ್ದ.

ಎರಡನೆಯ ಅನುಮಾನ ಮಂಟಪದ ಸುಭಾಷನ ಮೇಲೆ. ಆದರೆ ಅವನ ಮನೆದೇವರು ವೀರಭದ್ರ. ಮಂಟಪದ ಅಡಿಗಲ್ಲಿನ ಕಾರ್ಡಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಹಾಕಿಸಿದ್ದಾನೆ. ಬಾವಿಕಟ್ಟಿ ದ್ಯಾಮವ್ವನ ಹೆಸರನ್ನು ನಾನು ಈ ಸೀಮೆಯಲ್ಲಿ ಎಲ್ಲಿಯೂ ಕೇಳಿರಲಿಲ್ಲ.

ರೋಹಿಣಿಯನ್ನು ಹೊರಗೆ ನಿಲ್ಲಿಸಿ ನಾನೊಬ್ಬನೇ ಒಳಗೆ ಹೋದೆ. ಗೋಡೆಯ ತುಂಬ ಮದುವೆ ಕಾರ್ಡಿನ ಮಾದರಿಗಳು. ಮನೋಹರ ಕಂಪ್ಯೂಟರಿನ ಮುಂದೆ ಕುಳಿತಿದ್ದ. ತಲೆ ಎತ್ತಲಿಲ್ಲ.

"ಮೊಮ್ಮಗಳ ಹೆಸರಿಡೂ ಕಾರ್ಯಕ್ರಮ ಐತಿ, ಕಾರ್ಡು ಬೇಕಾಗಿತ್ತು," ಎಂದೆ.

"ಕುಂಡ್ರಿ," ಎಂದ. ಬೆರಳು ಕೀಲಿಮಣೆಯ ಮೇಲೆ ಇಟ್ಟ. "ಮನಿ ದೇವರು ಯಾವುದ್ರಿ?"

ಮಗುವಿನ ಹೆಸರು ಕೇಳಲಿಲ್ಲ, ದಿನಾಂಕ ಕೇಳಲಿಲ್ಲ. ಮೊದಲ ಪ್ರಶ್ನೆಯೇ ಅದು. ನನಗೆ ಬೇಕಾದದ್ದೂ ಅದೇ.

"ಎಲ್ಲಾರಿಗೂ ಹಿಂಗ ಕೇಳ್ತೀರೇನು?"

"ಕೇಳದ ಹೆಂಗ್ರಿ? ದೇವರ ಹೆಸರಿಲ್ಲದ ನನ್ನ ಮಷಿನ್‌ನ್ಯಾಗ ಒಂದು ಹಾಳಿನೂ ಹೊರಗ ಬರೂದಿಲ್ಲ."

"ಇದಕ್ಕೂ ಕೇಳಿದ್ದೇನು?" ಎಂದು ನಕಲಿ 'ಲಾಳಿ'ಯನ್ನು ಕೀಲಿಮಣೆಯ ಮೇಲೆ ಹರವಿದೆ.

ಅವನ ಬೆರಳು ನಿಂತವು. ನೆತ್ತಿಯ ಸಾಲನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದ.

"ನೀವು ಯಾರು?"

"ಅದು ಆಮ್ಯಾಲೆ. ಇದು ನಿಮ್ಮ ಮಷಿನ್‌ದು ಹೌದೋ ಅಲ್ಲೋ?"

"ನಾ ಏನು ಕಳ್ಳತನ ಮಾಡೀನೇನು?" ಎಂದು ಎದ್ದು ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಕಳ್ಳತನದ ಮಾತನ್ನೇ ಆಡಿರಲಿಲ್ಲ.

"ಹಂಗಾರ ಹೌದು."

"ಹೌದು, ನಾನ ಹಾಕೀನಿ. ಮುಂದ?"

ರೋಹಿಣಿ ಬಾಗಿಲಲ್ಲಿ ಕಾಣಿಸಿಕೊಂಡಳು. ಹೊರಗೇ ನಿಲ್ಲು ಅಂದರೆ ನಿಲ್ಲುವ ಜಾತಿಯಲ್ಲ ಅವಳು. ಅವಳನ್ನು ಕಂಡು ಮನೋಹರನ ಮುಖಕ್ಕೆ ರಕ್ತ ಏರಿತು.

"ಬಾರವ್ವ ಸಂಪಾದಕಿ. ಹುಬ್ಬಳ್ಳಿ ದಾರಿ ಮರತಿ ಏನು?"

"ಅಣ್ಣಾ, ಯಾರು ಹಾಕಿಸಿದ್ರು ಅದನ್ನ?" ಎಂದಳು ರೋಹಿಣಿ. "ಒಬ್ಬಾಕಿ ಹೆಣ್ಮಗಳು ಊರಾಗ ತಲಿ ಎತ್ತಿ ಅಡ್ಡಾಡದಂಗ ಆಗೈತಿ. ಅದರಾಗ ಏನೈತಿ ಅಂತ ನೀ ಓದಲಿಲ್ಲೇನು?"

"ಓದಿ ಓದಿ ಛಾಪಾ ಹಾಕಾಕ ನಾ ಏನು ಸಾಲಿ ಮಾಸ್ತರನ? ಫೋನಿನ್ಯಾಗ ಪುಟ ತಯಾರಾಗಿ ಬಂತು, ನೆತ್ತಿ ಮ್ಯಾಲೆ ದೇವರ ಹೆಸರು ಸೇರಿಸಿದೆ, ಹಾಕಿದೆ. ಮುಗೀತು ನನ್ನ ಕೆಲಸ."

"ಯಾರ ದೇವರು?" ಎಂದೆ ನಾನು.

ಠಾಣೆಯಲ್ಲಿ ಹೆಸರು ಸುಳ್ಳು ಹೇಳಿದವರನ್ನು, ಊರು ಸುಳ್ಳು ಹೇಳಿದವರನ್ನು, ಹೆತ್ತ ಅಪ್ಪನ ಹೆಸರನ್ನೇ ಸುಳ್ಳು ಹೇಳಿದವರನ್ನು ನಾನು ನೋಡಿದ್ದೇನೆ. ಮನೆದೇವರು ಯಾರು ಅಂತ ಕೇಳಿದಾಗ ಸುಳ್ಳು ಹೇಳಿದವನನ್ನು ಮಾತ್ರ ನೋಡಿಲ್ಲ. ಕೊಲೆ ಮಾಡಿ ಬಂದವನೂ ಅದೊಂದನ್ನು ಸರಿಯಾಗಿಯೇ ಹೇಳುತ್ತಾನೆ. ಇದನ್ನು ಹಾಕಿಸಿದವನಿಗೂ ಮನೋಹರ ರೂಢಿಯಂತೆ ಕೇಳಿದ್ದಾನೆ, ಅವನೂ ರೂಢಿಯಂತೆ ಹೇಳಿದ್ದಾನೆ. ಸಿಕ್ಕಿಬಿದ್ದೆ ಅಂತ ಇಬ್ಬರಿಗೂ ಹೊಳೆದಿಲ್ಲ.

ಮನೋಹರ ನಕ್ಕ. ಕೆಟ್ಟ ನಗು. "ನನ್ನ ಯಾಕ ಕೇಳ್ತೀರಿ? ಅಕೀನ್ನ ಕೇಳ್ರಿ. ಅಕಿಗೆ ಗೊತ್ತೈತಿ."

ರೋಹಿಣಿ ಹಾಳೆ ಎತ್ತಿಕೊಂಡಳು. ನನ್ನ ಬೆರಳು ತೋರಿಸಿದ ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು. ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತಳು.

"ಸರ, ಇದು ನಮ್ಮ ಮನಿ ದೇವರು."

"ಏನಂದಿ?"

"ಹೊಂಬಳದಾಗ ನಮ್ಮ ಹಿರೇರ ಹೊಲದ ಬಾವಿ ಕಟ್ಟಿ ಮ್ಯಾಲೆ ಒಂದು ಕಲ್ಲೈತ್ರಿ. ಅದನ್ನ ದ್ಯಾಮವ್ವ ಅಂತೀವಿ. ನಮ್ಮ ಮನಿ ಬಿಟ್ರ ಯಾರೂ ನಡಕೊಳ್ಳೂದಿಲ್ಲ. ಗದಗ ಬೆಟಗೇರ್ಯಾಗ ಆ ದೇವರ ಒಕ್ಕಲು ನಮ್ಮದೊಂದ ಮನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಅವಳನ್ನು ಉಳಿಸುತ್ತದೆ ಎಂದು ಕಿಸೆಯಲ್ಲಿ ಇಟ್ಟುಕೊಂಡು ಬಂದ ಸಾಕ್ಷಿ ಅವಳ ಕುತ್ತಿಗೆಗೇ ಸುತ್ತಿಕೊಂಡಿತ್ತು. ಇದನ್ನು ಸಭೆಯಲ್ಲಿ ತೋರಿಸಿದರೆ ಮಂದಿ ಏನು ಅನ್ನುತ್ತಾರೆ ಎಂಬುದು ಎಳೆ ಮಗುವಿಗೂ ಗೊತ್ತಾಗುತ್ತದೆ.

ಮನೋಹರನಿಗೂ ಗೊತ್ತಾಯಿತು. "ತೋರಸ್ರಿ, ಸಭಾದಾಗ ಜರೂರ ತೋರಸ್ರಿ. ನಾನೂ ಬರ್ತೀನಿ. ಮೂರು ಊರಿಗೆ ಒಂದು ಥರಾ, ಶಿರಹಟ್ಟಿಗೆ ಒಂದು ಥರಾ, ಎರಡೂ ಇಕಿ ಮನಿಯಿಂದನ ಹೊರಬಿದ್ದಾವು ಅಂತ ಹೇಳ್ತೀನಿ. ಸುಳ್ಳೇನು?"

"ನಾ ನಿನ್ನ ಹತ್ರ ಬಂದೇ ಇಲ್ಲ," ಎಂದಳು ರೋಹಿಣಿ.

"ನೀ ಬಂದಿ ಅಂತ ಯಾರಂದ್ರು?" ಅವನು ಅವಳ ಕಡೆ ಬಾಗಿದ. "ಮನ್ಯಾಗ ಇಬ್ಬರ ಅದೀರಿ. ನೀ ಬಂದಿಲ್ಲ. ಈಗ ಲೆಕ್ಕಾ ನೀನ ಹಾಕು."

ಅವಳು ಸ್ಟೂಲಿನಿಂದ ಎದ್ದಳು.

"ನೀ ನನ್ನ ಬಿಟ್ಟು ಹುಬ್ಬಳ್ಳಿಗೆ ಹೋದಿ. ನಿಮ್ಮಪ್ಪ ಬಂದು, ಶಿರಹಟ್ಟಿದಷ್ಟು ನೀ ಹಾಕಿಕೊಡಪಾ, ಯಾರ ಮುಂದೂ ಹೇಳಬ್ಯಾಡ ಅಂದ. ನಿನ್ನ ಸೊಕ್ಕು ಇಳೀತು ಅಂತ ಖುಷಿಲೆ ಹಾಕಿದೆ. ಈಗೂ ಖುಷಿನ ಐತಿ. ನಡೀರಿ ಹೊರಗ."

*

ದಾರಿಯುದ್ದಕ್ಕೂ ರೋಹಿಣಿ ನನಗಿಂತ ಮುಂದೆ ನಡೆದಳು. ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದಳು: "ಸರ, ಅಪ್ಪ ಅದನ್ನ ಮಾಡಿರಾಕ ಸಾಧ್ಯ ಇಲ್ಲ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹನಮಂತವ್ವ ಅದೇ ಕಂಬದ ಬುಡದಲ್ಲಿದ್ದಳು. ಲೋಹಿತ ಬಾಗಿಲ ಚೌಕಟ್ಟಿಗೆ ಒರಗಿದ್ದ. ವಿಠೋಬಾ ಮೂಲೆಯ ಕುಣಿ ಮಗ್ಗದ ಮುಂದೆ ಕುಳಿತಿದ್ದ. ಕುಣಿ ಮಗ್ಗದಲ್ಲಿ ನೇಕಾರ ಕಾಲನ್ನು ಕೆಳಗಿನ ಗುಂಡಿಯಲ್ಲಿ ಇಳಿಬಿಟ್ಟು ತುಳಿಯುತ್ತಾನೆ. ವಿಠೋಬಾ ಚಕ್ಕಳಮಕ್ಕಳ ಹಾಕಿಕೊಂಡು ಸುಮ್ಮನೆ ಕುಳಿತಿದ್ದ. ಗುಂಡಿಯ ಬಾಯಿಗೆ ಒಂದು ಹಳೆಯ ಕೌದಿ ಮುಚ್ಚಿತ್ತು. ನಾನು ಈ ಮನೆಗೆ ಬಂದಾಗಿನಿಂದ ಈ ಮಗ್ಗದ ಸದ್ದನ್ನು ಕೇಳಿಯೇ ಇರಲಿಲ್ಲ.

"ವಿಠೋಬಾ, ಕಾಲು ಕೆಳಗ ಬಿಡು," ಎಂದೆ.

ಅವನು ಅಲುಗಾಡಲಿಲ್ಲ. ನಾನೇ ಬಗ್ಗಿ ಕೌದಿ ಎಳೆದೆ. ಗುಂಡಿಯಲ್ಲಿ ಪತ್ರಿಕೆಯ ಕಟ್ಟು ಇತ್ತು, ಸುತ್ತಿದ ದಾರ ಕೂಡ ಬಿಚ್ಚಿರಲಿಲ್ಲ. ಮೇಲಿನ ಚೀಟಿಯಲ್ಲಿ ರೋಹಿಣಿಯ ಕೈಬರಹ: ಶಿರಹಟ್ಟಿ.

"ಸುಡಬೇಕು ಅಂತ ಮಾಡಿದ್ದೆ," ಎಂದ ವಿಠೋಬಾ. "ಮಗಳ ಹೆಸರಿದ್ದ ಕಾಗದ. ಕೈ ಬರಲಿಲ್ಲ."

ಹನಮಂತವ್ವ ಗೋಡೆ ಹಿಡಿದು ಎದ್ದಳು. "ಹಂಗಾರ ನಿಮ್ಮ ಮನ್ಯಾಗಿಂದನ ನನಗ ಕೆಸರು ಉಗ್ಗಿದ್ರಿ. ಅವತ್ತು ಸುದ್ದಿ ಹೇಳಾಕ ಬಂದಾಗ ನನಗ ಉಣ್ಣಾಕ ಹಾಕಿದ ಕೈಲೆ ಉಗ್ಗಿದ್ರಿ."

ವಿಠೋಬಾ ತಲೆ ತಗ್ಗಿಸಿದ. ಅಪ್ಪನ ಮೇಲೆ ಮಗಳು ಎರಗುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ಅವಳು ಮೇಜಿಗೆ ಹೋಗಿ ಕಂಪ್ಯೂಟರ್ ತೆರೆದಳು. ಒಂದು ಖಾಲಿ ಪುಟ ತೆಗೆದಳು.

"ನಿಮ್ಮ ಪೂರ್ತಿ ಹೆಸರು ಹೇಳ್ರಿ," ಎಂದಳು.

ನಾನು ಎಷ್ಟೋ ಹೇಳಿಕೆಗಳನ್ನು ಬರೆದುಕೊಂಡವನು. ಹೆತ್ತ ಅಪ್ಪನನ್ನು ಮಗಳು ಹೀಗೆ ಕೇಳಿದ್ದನ್ನು ನೋಡಿರಲಿಲ್ಲ.

"ರೋಹಿಣಿ, ಸಾವಕಾಶ," ಎಂದೆ.

"ಸರ, ನೀವು ಸುಮ್ಕ ಇರ್ರಿ. ಯಾರದ ಇರಲಿ, ತಪ್ಪು ಮಾಡಿದವರ ಹೆಸರು ಹಾಕ್ತೀನಿ ಅಂತ ಮೊದಲನೇ ಸಂಚಿಕ್ಯಾಗ ನಾನ ಬರದೀನಿ. ಸುಭಾಷಂದು ಹಾಕಿ ನಮ್ಮಪ್ಪಂದು ಬಿಟ್ರ ಮನೋಹರ ಹೇಳಿದ್ದು ಖರೆ ಆಗ್ತೈತಿ." ಮತ್ತೆ ಅಪ್ಪನ ಕಡೆ ತಿರುಗಿದಳು. "ಪೂರ್ತಿ ಹೆಸರು."

"ವಿಠೋಬಾ ಈರಪ್ಪ ಗಂಜಿ," ಎಂದ ಅವನು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು.

ಅವಳು ಹೆಸರನ್ನು ಟೈಪು ಮಾಡಿದಳು. ಪ್ರತಿ ಅಕ್ಷರದ ಸದ್ದು ಕೋಣೆಯಲ್ಲಿ ಕೇಳಿತು.

"ಶಿರಹಟ್ಟಿ ಸಂಚಿಕಿ ಬದಲಿ ಮಾಡಿದ್ದು ಯಾಕ?"

"ಹನಮಂತವ್ವ ಅಂಜ್ಯಾಳ ಅಂದ್ರು. ಸುಭಾಷನ ಮಂದಿ ಅಕೀನ್ನ ಜೀವಂತ ಬಿಡೂದಿಲ್ಲ, ತನ್ನ ಮಾತು ತಿರಗಿ ತಗೋತೀನಿ ಅಂತ ಅಕಿ ಅಳಾಕತ್ಯಾಳ, ನಿನ್ನ ಮಗಳು ಕೇಳವಲ್ಲಳು ಅಂದ್ರು. ಪುಟ ತಯಾರ ಐತಿ, ಅಕಿ ಊರಿಗಷ್ಟ ಇದು ಹೋಗಲಿ, ಅಕೀದೂ ಜೀವ ಉಳೀತೈತಿ, ನಿನ್ನ ಮಗಳದೂ ಉಳೀತೈತಿ ಅಂದ್ರು. ನಾ ಅದನ್ನ ಪೂರಾ ಓದಲಿಲ್ಲವ್ವ. ಮಳಿಗಿ ಗಿಳಿಗಿ ಅಂತ ಅದರಾಗ ಇದ್ದದ್ದು ನನಗ ಗೊತ್ತಿರಲಿಲ್ಲ. ಹನಮಂತವ್ವನ ಸ್ವಂತ ಮಾತು ಅಂತ ನಂಬಿದೆ."

"ನಾ ಯಾವಾಗ ಅತ್ತೆ?" ಎಂದಳು ಹನಮಂತವ್ವ. "ನಾ ಯಾರ ಮುಂದ ಅಂಜೀನಿ ಅಂತ ಹೇಳೀನಿ?"

ರೋಹಿಣಿಯ ಬೆರಳು ಕಾಯುತ್ತಿದ್ದವು. "ಹಂಗ ಅಂದಾವ ಯಾರು? ಸುಭಾಷನೇನು?"

"ಸುಭಾಷ ಬಂದಿದ್ರ ಒದ್ದು ಕಳಸ್ತಿದ್ದೆ." ವಿಠೋಬಾ ಮೊದಲ ಸಲ ತಲೆ ಎತ್ತಿದ. "ಹೇಳಾಕ ಬಂದಾವ ಅಕೀ ಮಗನ. ಹೆತ್ತ ಮಗ ಬಂದು ಅವ್ವನ ಜೀವ ಉಳಸು ಅಂತ ಕಾಲು ಹಿಡದ್ರ ಯಾರು ನಂಬೂದಿಲ್ಲ? ನೀವು ಹೊರಗ ಹೋದಾಗಿಂದ ನನ್ನ ಬಾಜೂಕ ನಿಂತು, ಬಾಯಿ ಬಿಟ್ರ ನಿನ್ನ ಮಗಳನ್ನ ಸುಭಾಷ ಉಳಸೂದಿಲ್ಲ ಅಂತ ಕಿವ್ಯಾಗ ಹೆದರಸಾಕತ್ತಾನ."

ಎಲ್ಲರೂ ಬಾಗಿಲಿನ ಕಡೆ ತಿರುಗಿದೆವು.

ಚೌಕಟ್ಟಿನಲ್ಲಿ ಲೋಹಿತ ಇರಲಿಲ್ಲ. ನಾನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಾಗಿಲು ದಡ್ಡನೆ ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು. ಭುಜ ಕೊಟ್ಟು ನೂಕಿದೆ. ಸಾಗವಾನಿಯ ಬಾಗಿಲು, ನನ್ನ ಭುಜವೇ ನೊಂದಿತು. ಬೀದಿಯಲ್ಲಿ ಬೈಕು ಚಾಲೂ ಆದ ಸದ್ದು ಕೇಳಿತು.

"ಹಿತ್ತಲ ಬಾಗಲಾ?" ಎಂದು ಕೂಗಿದೆ.

"ಇಲ್ರಿ, ಇರೂದು ಇದೊಂದ," ಎಂದ ವಿಠೋಬಾ.

ಕಿಟಕಿಯ ಸರಳುಗಳ ನಡುವಿನಿಂದ ನೋಡಿದೆ. ಓಣಿಯ ಮಂದಿ ಕಟ್ಟೆಗಳ ಮೇಲೆ ನಿಂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಚಿಲಕ ತೆಗೆಯಿರಿ ಎಂದು ಕರೆದೆ. ಒಬ್ಬನೂ ಕಟ್ಟೆ ಇಳಿಯಲಿಲ್ಲ. ಮಳಿಗೆಯ ಆಸೆಗೆ ಸುಭಾಷನಿಗೆ ಮಾರಿಕೊಂಡವನು ಮಗನೇ ಎಂದು ಆಗ ಹೊಳೆಯಿತು. ಲೋಹಿತ ನಮಗಿಂತ ಮೊದಲು ಶಿರಹಟ್ಟಿ ಮುಟ್ಟುತ್ತಾನೆ, ಎರಡೂ ಸಂಚಿಕೆ ಬೆಟಗೇರಿಯ ಮನೆಯವೇ ಎಂದು ಸಭೆಯಲ್ಲಿ ಮೊದಲು ಅವನೇ ಹೇಳುತ್ತಾನೆ. ಆಮೇಲೆ ನಾವು ಏನು ಹೇಳಿದರೂ ಕೇಳುವವರಿಲ್ಲ.

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಹನಮಂತವ್ವ ರೋಹಿಣಿಯ ಎದುರು ಬಂದು ಕುಳಿತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು.

ರೋಹಿಣಿ ಕೀಲಿಮಣೆಯಿಂದ ಬೆರಳು ತೆಗೆದಳು. ಅಪ್ಪನನ್ನು ಕೇಳಿದ ಪ್ರಶ್ನೆಯನ್ನು ಈ ಹೆಣ್ಣುಮಗಳಿಗೆ ಕೇಳಲು ಅವಳಿಂದ ಆಗಲಿಲ್ಲ.

"ಯಾಕ ನಿಂತಿ? ಬರಕೋ," ಎಂದಳು ಹನಮಂತವ್ವ. "ಲೋಹಿತ. ಅಪ್ಪನ ಹೆಸರು ಹುಲಗಪ್ಪ. ಅವ್ವನ ಹೆಸರು ನಿನಗ ಗೊತ್ತೈತಿ."